ಸುದ್ದಿ ವಿಮರ್ಶೆ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದುವವರಿಗೆ ಒಂದಲ್ಲ ಒಂದು ದಿನ ಈ ಅಸೈನ್‌ಮೆಂಟ್ ಬರುತ್ತದೆ: 'ಈ ವಾರದ ಒಂದು ಸುದ್ದಿ ಆರಿಸಿ, ವಿಮರ್ಶೆ ಬರೆದು ತನ್ನಿ.' ಹೆಚ್ಚಿನವರು ಬರೆದು ತರುವುದು 'ಸುದ್ದಿ ಚೆನ್ನಾಗಿದೆ, ಭಾಷೆ ಸರಳವಾಗಿದೆ, ಫೋಟೊ ಇನ್ನೂ ದೊಡ್ಡದಿರಬೇಕಿತ್ತು' ಎಂಬಷ್ಟನ್ನೇ. ಅದು ವಿಮರ್ಶೆ ಅಲ್ಲ ಅಂತ ಅವರಿಗೂ ಗೊತ್ತಿರುತ್ತದೆ. ಮತ್ತೇನು ಬರೆಯಬೇಕು ಅನ್ನುವುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಜಿಲ್ಲಾ ಪುಟದ ಡೆಸ್ಕ್‌ನಲ್ಲಿ (ಬಂದ ವರದಿಗಳನ್ನು ತಿದ್ದಿ ಪುಟಕ್ಕೆ ಸಿದ್ಧ ಮಾಡುವ ವಿಭಾಗ) ಕೆಲಸ ಮಾಡಿ, ಈಗ ವಿದ್ಯಾರ್ಥಿಗಳ ಜೊತೆ ಕೂತು ಪತ್ರಿಕೆ ಓದುವ ನನ್ನ ಮುಂದೆ ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ವಿಮರ್ಶೆ ಅಂದರೆ ತಪ್ಪು ಹುಡುಕುವುದಾ?

ಅಲ್ಲ. ತಪ್ಪು ಕಂಡರೆ ಹೇಳಲೇಬೇಕು, ಆದರೆ ಕಾಗುಣಿತ ತಿದ್ದುವುದು ಪ್ರೂಫ್ ನೋಡುವವರ ಕೆಲಸ. ನಿಮ್ಮ ಕೆಲಸ ಬೇರೆ. ಪ್ರತಿ ವಾಕ್ಯ ಓದಿದಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ವರದಿಗಾರರಿಗೆ ಹೇಗೆ ಗೊತ್ತಾಯಿತು? ಕಣ್ಣಾರೆ ಕಂಡರಾ? ಯಾರಾದರೂ ಹೇಳಿದರಾ? ದಾಖಲೆ ನೋಡಿದರಾ? ಇಲ್ಲಾ ಸುಮ್ನೆ ಊಹಿಸಿದರಾ? ಉತ್ತರ ಸುದ್ದಿಯೊಳಗೇ ಇರಬೇಕು. ಎಲ್ಲಿ ಇಲ್ಲವೋ ಅಲ್ಲಿಂದ ವಿಮರ್ಶೆ ಶುರು.

ಇದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಈ ಸುದ್ದಿ ಯಾರಿಗೆ ಬೇಕಿತ್ತು, ಓದಿದ ಮೇಲೆ ಅವರಿಗೆ ಏನು ತಿಳಿಯಿತು? ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಎಲ್ಲಿಂದ ಶುರು ಮಾಡಲಿ? ಮುಖಪುಟದಿಂದಲಾ, ಸಂಪಾದಕೀಯದಿಂದಲಾ?

ಜಿಲ್ಲಾ ಪುಟದಿಂದ. ದಿಲ್ಲಿಯ ರಾಜಕೀಯ ಸುದ್ದಿಯನ್ನು ವಿಮರ್ಶಿಸಲು ಎಲ್ಲರಿಗೂ ಆಸೆ. ಆದರೆ ಅಲ್ಲಿ ನಿಜ ಏನು ಅಂತ ನೀವು ಹೋಗಿ ನೋಡಲು ಆಗುವುದಿಲ್ಲ. ಜಯದೇವ ವೃತ್ತದಲ್ಲಿ 'ಬೃಹತ್ ಪ್ರತಿಭಟನೆ' ನಡೆಯಿತು ಅಂತ ಬಂದರೆ, ಅಲ್ಲಿ ಎಷ್ಟು ಜನ ಇದ್ದರು ಅಂತ ಸುತ್ತಲಿನ ಅಂಗಡಿಯವರನ್ನು ಕೇಳಬಹುದು. ಚಿತ್ರದುರ್ಗದಲ್ಲಿ ಒನಕೆ ಓಬವ್ವ ವೃತ್ತದ ಸುದ್ದಿಯಾದರೂ ಅಷ್ಟೇ. ಪರೀಕ್ಷಿಸಿ ನೋಡಬಹುದಾದ ಸುದ್ದಿಯಿಂದ ಕಲಿತಷ್ಟು ಬೇರೆ ಸುದ್ದಿಯಿಂದ ಕಲಿಯಲು ಆಗುವುದಿಲ್ಲ.

ಒಂದೇ ಘಟನೆಯನ್ನು ಎರಡು ಮೂರು ಪತ್ರಿಕೆಗಳಲ್ಲಿ ಓದಿ. ರಾಜ್ಯಮಟ್ಟದ ಪತ್ರಿಕೆಯ ಜಿಲ್ಲಾ ಆವೃತ್ತಿ ಒಂದಿರಲಿ, ದಾವಣಗೆರೆಯ 'ಜನತಾವಾಣಿ'ಯಂಥ ಸ್ಥಳೀಯ ದಿನಪತ್ರಿಕೆ ಒಂದಿರಲಿ. ಒಬ್ಬರು ಕೈಬಿಟ್ಟ ವಿಷಯ ಇನ್ನೊಬ್ಬರಲ್ಲಿ ಸಿಗುತ್ತದೆ. ಮೂವರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಅದು ಯಾರೋ ಕಳಿಸಿದ ಪತ್ರಿಕಾ ಪ್ರಕಟಣೆ ಅಂತ ಆಗಲೇ ಗೊತ್ತಾಗಿಬಿಡುತ್ತದೆ.

ಒಂದು ಸುದ್ದಿ ಇಟ್ಟುಕೊಂಡು ತೋರಿಸಿಕೊಡುತ್ತೀರಾ?

ಖಂಡಿತ. ಕೆಳಗಿನದು ಅಭ್ಯಾಸಕ್ಕೆಂದೇ ಬರೆದ ಮಾದರಿ. ಯಾವ ಪತ್ರಿಕೆಯದ್ದೂ ಅಲ್ಲ. ಆದರೆ ನಮ್ಮ ಕಡೆ ಬೇಸಿಗೆ ಬೆಳೆಯ ಕಾಲದಲ್ಲಿ ಇಂಥದ್ದು ಓದದವರು ಯಾರೂ ಇಲ್ಲ.

'ಮಲೇಬೆನ್ನೂರು: ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ತಲುಪದಿರುವುದನ್ನು ಖಂಡಿಸಿ ನೂರಾರು ರೈತರು ಸೋಮವಾರ ರಸ್ತೆತಡೆ ನಡೆಸಿ ಆಕ್ರೋಶ ವ್ಯಕ್ತಪಡಿಸಿದರು. ಅಧಿಕಾರಿಗಳ ನಿರ್ಲಕ್ಷ್ಯದಿಂದ ಸಾವಿರಾರು ಎಕರೆ ಭತ್ತ ಒಣಗುತ್ತಿದೆ. ನಾಲೆಗೆ ದಿನಕ್ಕೆ 2,500 ಕ್ಯುಸೆಕ್ ನೀರು ಹರಿಸಲಾಗುತ್ತಿದೆ ಎನ್ನಲಾಗಿದೆ. ಸ್ಥಳಕ್ಕೆ ಬಂದ ಅಧಿಕಾರಿಗಳು ಭರವಸೆ ನೀಡಿದ ಬಳಿಕ ಪ್ರತಿಭಟನೆ ಕೈಬಿಡಲಾಯಿತು.'

ಮೊದಲ ಓದಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ ಅಲ್ವಾ? ಯಾರು, ಏನು, ಎಲ್ಲಿ, ಯಾವಾಗ ಎಲ್ಲವೂ ಇದೆ. ಈಗ ನಿಧಾನವಾಗಿ ಓದೋಣ.

'ನೂರಾರು ರೈತರು.' ಎಣಿಸಿದ್ದು ಯಾರು? ಇನ್ನೂರಾ, ಎಂಟುನೂರಾ? ಖಚಿತ ಸಂಖ್ಯೆ ಸಿಗದಿದ್ದರೆ 'ಸುಮಾರು 200' ಎನ್ನಬಹುದು. ಇನ್ನೂ ಒಳ್ಳೆಯದು, ಯಾವ ಯಾವ ಹಳ್ಳಿಯಿಂದ ಬಂದಿದ್ದರು ಅಂತ ಬರೆಯುವುದು. ಯಾವ ಹಳ್ಳಿಗೆ ನೀರು ತಲುಪಿಲ್ಲ ಅನ್ನುವುದೇ ಇಲ್ಲಿ ಸುದ್ದಿ. ಆ ಹೆಸರುಗಳೇ ಇಲ್ಲ.

'ಅಧಿಕಾರಿಗಳ ನಿರ್ಲಕ್ಷ್ಯದಿಂದ.' ಇಡೀ ಸುದ್ದಿಯಲ್ಲಿ ಅತಿ ಭಾರದ ಮಾತು ಇದು, ಆದರೆ ಇದನ್ನು ಹೇಳಿದವರು ಯಾರೂ ಇಲ್ಲ. ರೈತರು ಹೇಳಿದ್ದರೆ 'ಎಂದು ರೈತರು ದೂರಿದರು' ಅಂತ ಇರಬೇಕು. ಹಾಗಿಲ್ಲದೆ ಬರೆದಾಗ ಅದು ವರದಿಗಾರರೇ ಕೊಟ್ಟ ತೀರ್ಪು. ನೀರು ಕೊನೆ ಭಾಗಕ್ಕೆ ತಲುಪದಿರಲು ಕಾರಣ ಹಲವು. ನಾಲೆಯಲ್ಲಿ ಹೂಳು ತುಂಬಿರಬಹುದು. ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ಎತ್ತುತ್ತಿರಬಹುದು. ಸರದಿ ಇನ್ನೂ ಬಂದಿರಲಿಕ್ಕಿಲ್ಲ. ಅಣೆಕಟ್ಟೆಯಿಂದ ಬಿಟ್ಟದ್ದೇ ಕಡಿಮೆ ಇರಬಹುದು. ಇದರಲ್ಲಿ ಯಾವುದು ಅಂತ ಕೇಳಿ ತಿಳಿದು ಬರೆದಿದ್ದರೆ ಸುದ್ದಿಯ ಬೆಲೆಯೇ ಬೇರೆ ಆಗುತ್ತಿತ್ತು. ಮೇಲ್ಭಾಗದ ರೈತರನ್ನು ಮಾತಾಡಿಸಿದ ಒಂದು ಸಾಲಾದರೂ ಬೇಕಿತ್ತು. ಈ ಜಗಳ ರೈತರು ಮತ್ತು ಸರ್ಕಾರದ ನಡುವೆ ಮಾತ್ರ ಇಲ್ಲ, ನಾಲೆಯ ಮೇಲಿನವರಿಗೂ ಕೆಳಗಿನವರಿಗೂ ಇದೆ. ಪತ್ರಿಕೆಗಳು ಅದನ್ನು ಬರೆಯಲು ಹಿಂಜರಿಯುತ್ತವೆ.

'ಸಾವಿರಾರು ಎಕರೆ.' ಮತ್ತೆ ಅದೇ ಪ್ರಶ್ನೆ, ಅಳೆದವರು ಯಾರು? ಜೊತೆಗೆ ಬೆಳೆ ಯಾವ ಹಂತದಲ್ಲಿದೆ ಅನ್ನುವುದು ಬೇಕು. ಭತ್ತ ಹೊಡೆ ಕಟ್ಟುವ, ಅಂದರೆ ತೆನೆ ಮೂಡುವ ಹೊತ್ತಿಗೆ ನೀರು ತಪ್ಪಿದರೆ ಆಗುವ ನಷ್ಟವೇ ಬೇರೆ. ನೆಲದ ಮೇಲೆ ನಿಂತು ನೋಡಿದವರು ಇದನ್ನು ಬಿಡುವುದಿಲ್ಲ.

'ಭರವಸೆ ನೀಡಿದ ಬಳಿಕ.' ಯಾವ ಅಧಿಕಾರಿ? ಏನಂತ ಭರವಸೆ? ಎಷ್ಟು ದಿನದಲ್ಲಿ? ಇದನ್ನು ಬರೆಯದಿದ್ದರೆ ಆ ಅಧಿಕಾರಿಯನ್ನು ಮುಂದಿನ ಸೋಮವಾರ ಯಾರೂ ಪ್ರಶ್ನಿಸಲು ಆಗುವುದಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸುವ ಸಾಲು ಇದೇ. ರಸ್ತೆಯಲ್ಲಿ ಬಿಸಿಲಿಗೆ ಕೂತ ಜನ ಪಡೆದುಕೊಂಡ ಒಂದೇ ಒಂದು ವಸ್ತು ಆ ಮಾತು. ಅದನ್ನೇ ಸುದ್ದಿ ದಾಖಲಿಸಲಿಲ್ಲ.

ಎಷ್ಟು ನೀರು, ಎಷ್ಟು ದಿನ ಅನ್ನುವುದನ್ನು ತೀರ್ಮಾನಿಸುವುದು ಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ. ಆ ಸಭೆಯ ತೀರ್ಮಾನ ಏನಿತ್ತು, ಈಗ ಆಗುತ್ತಿರುವುದೇನು ಅಂತ ಎರಡು ಸಾಲು ಸೇರಿಸಿದ್ದರೆ ಓದುಗರಿಗೆ ಹಿನ್ನೆಲೆ ಸಿಗುತ್ತಿತ್ತು.

'ದಿನಕ್ಕೆ 2,500 ಕ್ಯುಸೆಕ್' ಅನ್ನುವುದರಲ್ಲಿ ಏನು ತಪ್ಪು?

ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಅದರೊಳಗೇ ಕಾಲ ಸೇರಿಕೊಂಡಿದೆ. 'ದಿನಕ್ಕೆ' ಅಂತ ಸೇರಿಸಿದರೆ ಅರ್ಥ ಕೆಡುತ್ತದೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅದು ನೀರಿನ ಪ್ರಮಾಣ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 2,500 ಕ್ಯುಸೆಕ್ ಇಡೀ ದಿನ ಹರಿದರೆ 21.6 ಕೋಟಿ ಘನ ಅಡಿ, ಅಂದರೆ 0.216 ಟಿಎಂಸಿ. ಐದು ದಿನಕ್ಕೆ ಒಂದು ಟಿಎಂಸಿಗೆ ಸ್ವಲ್ಪ ಜಾಸ್ತಿ. ಈ ಲೆಕ್ಕ ಮೊಬೈಲ್‌ನಲ್ಲಿ ಅರ್ಧ ನಿಮಿಷದ ಕೆಲಸ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಲ್ಲಿ ಇಷ್ಟು ಟಿಎಂಸಿ ಇದೆ ಅಂತ ಸುದ್ದಿ ಬಂದಾಗ, ಅದು ನಾಲೆಗೆ ಎಷ್ಟು ದಿನ ಸಾಕಾಗುತ್ತದೆ ಅಂತ ನೀವೇ ಅಂದಾಜು ಮಾಡಬಹುದು. ರೈತನಿಗೆ ಬೇಕಾದ ಮಾಹಿತಿ ಅದೇ.

ಶೇಕಡಾವಾರು ಲೆಕ್ಕ ಬಂದರೆ ತಲೆ ತಿರುಗುತ್ತದೆ. ಕನಿಷ್ಠ ಏನು ಗೊತ್ತಿರಬೇಕು?

ಮೂರು ವಿಷಯ ಗೊತ್ತಿದ್ದರೆ ಸಾಕು: ಯಾವುದರಲ್ಲಿ ಶೇಕಡಾ, ಯಾವುದಕ್ಕೆ ಹೋಲಿಕೆ, ನಡುವೆ ಏನು ಬದಲಾಯಿತು.

ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೇ ತೆಗೆದುಕೊಳ್ಳಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಶೇ 73.40. ಇದನ್ನು 'ಶೇ 10.49ರಷ್ಟು ಕುಸಿತ' ಅಂತ ಬರೆದರೆ ಸರಿಯಲ್ಲ. ಕುಸಿದದ್ದು 10.49 ಶೇಕಡಾ ಅಂಶ, ಅಂದರೆ ಎರಡು ಶೇಕಡಾಗಳ ನಡುವಿನ ನೇರ ಅಂತರ. ಹಿಂದಿನ ವರ್ಷದ 83.89ಕ್ಕೆ ಹೋಲಿಸಿದರೆ ಈ 10.49ರ ಇಳಿಕೆ ಶೇ 12.5ರಷ್ಟು. ಚಿಕ್ಕ ವ್ಯತ್ಯಾಸ ಅನ್ನಿಸಬಹುದು, ಆದರೆ ಬಡ್ಡಿದರ, ಮತಪ್ರಮಾಣದ ಸುದ್ದಿಯಲ್ಲಿ ಇದೇ ತಪ್ಪು ದೊಡ್ಡ ಗೊಂದಲ ಮಾಡುತ್ತದೆ.

ಅದಕ್ಕಿಂತ ಮುಖ್ಯ, ನಡುವೆ ಏನು ಬದಲಾಯಿತು ಅನ್ನುವುದು. 2023ರಲ್ಲಿ ಚಿತ್ರದುರ್ಗ ಶೇ 96.80ರೊಂದಿಗೆ ರಾಜ್ಯಕ್ಕೇ ಮೊದಲು. ಮರುವರ್ಷ ಆ ಸ್ಥಾನಕ್ಕೆ ಉಡುಪಿ ಬಂತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಿತ್ತು, ಕೃಪಾಂಕದ ನಿಯಮವನ್ನೂ ಸಡಿಲಿಸಿದ್ದರು. ಇದನ್ನು ಹೇಳದೆ ಎರಡು ವರ್ಷದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು 'ಶಿಕ್ಷಕರ ಬೇಜವಾಬ್ದಾರಿ' ಅಂತ ಬರೆದರೆ ಶಿಕ್ಷಕರಿಗೂ ಮಕ್ಕಳಿಗೂ ಅನ್ಯಾಯ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ತೊಡಕಿದೆ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹೊಸ ಜಿಲ್ಲೆಗೆ ಸೇರಿದ ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. 'ದಾವಣಗೆರೆ ಜಿಲ್ಲೆಯಲ್ಲಿ ಹತ್ತು ವರ್ಷದಲ್ಲಿ ಮೆಕ್ಕೆಜೋಳದ ಪ್ರದೇಶ ಇಷ್ಟು ಕಡಿಮೆಯಾಗಿದೆ' ಅಂತ ಸುದ್ದಿ ಬಂದರೆ ಮೊದಲು ಕೇಳಬೇಕಾದ್ದು: ಹಳೆಯ ಅಂಕಿಯಲ್ಲಿ ಹರಪನಹಳ್ಳಿ ಇತ್ತಾ? ಒಂದು ತಾಲ್ಲೂಕೇ ಹೊರಗೆ ಹೋದರೆ ಅಂಕಿ ತಾನಾಗಿಯೇ ಇಳಿಯುತ್ತದೆ.

ಎಲ್ಲ ಪತ್ರಿಕೆಯೂ ಬರೆಯುವ ಮಾತನ್ನು ನಂಬಬಹುದಲ್ವಾ?

ಎಲ್ಲರೂ ಬರೆಯುತ್ತಾರೆ ಅನ್ನುವುದು ಸಾಕ್ಷಿ ಅಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದ ಬಗ್ಗೆ ಬರುವ ಸುದ್ದಿಗಳಲ್ಲಿ 'ಏಷ್ಯಾದ ಎರಡನೇ ಅತಿ ದೊಡ್ಡ ಕೆರೆ' ಎಂಬ ಸಾಲು ಮತ್ತೆ ಮತ್ತೆ ಕಾಣುತ್ತದೆ. ಯಾವ ಅಳತೆಯಲ್ಲಿ ಎರಡನೆಯದು? ನೀರು ನಿಲ್ಲುವ ವಿಸ್ತಾರದಲ್ಲಾ, ಸಂಗ್ರಹದಲ್ಲಾ? ಅಳೆದವರು ಯಾರು, ಯಾವಾಗ? ಹಿಂದಿನ ಸುದ್ದಿ ನೋಡಿ ಮುಂದಿನವರು ಬರೆಯುತ್ತಾರೆ, ಅವರನ್ನು ನೋಡಿ ಇನ್ನೊಬ್ಬರು. ಆ ಕೆರೆಯ ದೊಡ್ಡತನ ತೋರಿಸಲು ಚಿತ್ರದುರ್ಗದವರು ಅದರ ನೀರು ಕುಡಿಯುತ್ತಾರೆ ಅನ್ನುವ ಒಂದು ವಾಕ್ಯ ಸಾಕು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಪೂರ್ಣಗೊಂಡ ಅಣೆಕಟ್ಟೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಇಲ್ಲಿ ವರ್ಷಗಳಿವೆ, 130 ಅಡಿಯ ಗರಿಷ್ಠ ಮಟ್ಟ ಇದೆ, ದಾಖಲೆ ಇದೆ. ಯಾರು ಬೇಕಾದರೂ ಪರಿಶೀಲಿಸಬಹುದು. ಇಂಥ ಹಿನ್ನೆಲೆ ಕೊಟ್ಟ ವರದಿಯನ್ನು ವಿಮರ್ಶೆಯಲ್ಲಿ ಹೆಸರಿಸಿ ಹೊಗಳಿ. ಹೊಗಳುವುದಕ್ಕೂ ಕಾರಣ ಕೊಡಬೇಕು.

'ಎನ್ನಲಾಗಿದೆ', 'ತಿಳಿದುಬಂದಿದೆ' ಬಳಸಲೇಬಾರದಾ?

ಬಳಸಬಹುದು, ಆದರೆ ಮೂಲದ ಹೆಸರು ಹೇಳಲು ನಿಜವಾಗಿಯೂ ಆಗದಿದ್ದಾಗ ಮಾತ್ರ. ಹೆಸರು ಹೇಳಿದರೆ ಆ ವ್ಯಕ್ತಿಗೆ ತೊಂದರೆ ಆಗುತ್ತದೆ ಎನ್ನುವಾಗ ಅದಕ್ಕೆ ಅರ್ಥ ಇದೆ. ನಾಲೆಗೆ ಎಷ್ಟು ನೀರು ಬಿಟ್ಟಿದ್ದಾರೆ ಅಂತ ಹೇಳಲು ಅದು ಬೇಕಿಲ್ಲ, ಎಂಜಿನಿಯರಿಗೆ ಒಂದು ಫೋನ್ ಸಾಕು. ಸುದ್ದಿಯಲ್ಲಿ ಈ ಪದ ಬಂದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಯಾರು ಹೇಳಿರಬಹುದು, ಹೆಸರು ಹಾಕಲು ಏನು ಅಡ್ಡಿ ಇತ್ತು ಅಂತ ಯೋಚಿಸಿ.

ಶೀರ್ಷಿಕೆ ಕೆಟ್ಟದಾಗಿದ್ದರೆ ವರದಿಗಾರರನ್ನು ಬೈಯಬಹುದಾ?

ಬೇಡ. ಶೀರ್ಷಿಕೆ ಕೊಡುವುದು ಸಾಮಾನ್ಯವಾಗಿ ಡೆಸ್ಕ್‌ನವರು. ಶೀರ್ಷಿಕೆಯನ್ನು ಸುದ್ದಿಯ ಜೊತೆ ಇಟ್ಟು ನೋಡಿ: ಅದು ಹೇಳುವುದು ಒಳಗೆ ಇದೆಯಾ?

2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಬರದ ಜಿಲ್ಲೆಗಳಿಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಅಂಥ ದಿನ 'ಮೇಲ್ದಂಡೆಗೆ ಬಂತು 5,300 ಕೋಟಿ' ಅಂತ ಶೀರ್ಷಿಕೆ ಕೊಟ್ಟರೆ ಓದುಗ ಹಣ ಬಂದೇಬಿಟ್ಟಿತು ಅಂದುಕೊಳ್ಳುತ್ತಾನೆ. ಆಮೇಲೆ ಆ ಹಣ ಬಿಡುಗಡೆ ಆಗಿಲ್ಲ ಅಂತ ರಾಜ್ಯ ಸರ್ಕಾರ ಪದೇ ಪದೇ ದೂರಿತು. ಘೋಷಣೆ, ಮಂಜೂರು, ಬಿಡುಗಡೆ, ಖರ್ಚು ಒಂದರ ನಂತರ ಒಂದು ಬರುವ ಮೆಟ್ಟಿಲುಗಳು. ಸುದ್ದಿ ಯಾವ ಮೆಟ್ಟಿಲಿನಲ್ಲಿದೆ ಅಂತ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಚಿತ್ರದುರ್ಗದಂಥ ಬರದ ಜಿಲ್ಲೆಯಲ್ಲಿ ನೀರಿನ ಶೀರ್ಷಿಕೆ ನಂಬಿ ಅಡಿಕೆ ಸಸಿ ಹಾಕುವವರು ಇರುತ್ತಾರೆ.

ಅಪಘಾತ, ಸಾವಿನ ಸುದ್ದಿಗಳನ್ನೂ ವಿಮರ್ಶಿಸಬಹುದಾ? ಮನಸ್ಸು ಒಪ್ಪುವುದಿಲ್ಲ.

ವಿಮರ್ಶಿಸಲೇಬೇಕು. ರಾಷ್ಟ್ರೀಯ ಹೆದ್ದಾರಿ 48 ನಮ್ಮ ಎರಡೂ ಜಿಲ್ಲೆಗಳನ್ನು ಸೀಳಿಕೊಂಡು ಹೋಗುತ್ತದೆ. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ, ಹೀಗೆ. ಅಪಘಾತದ ಸುದ್ದಿಗೆ ಬರವಿಲ್ಲ. 'ಯಮಸ್ವರೂಪಿ ಲಾರಿ', 'ಜವರಾಯನ ಅಟ್ಟಹಾಸ', 'ವಿಧಿಯಾಟ' ಅಂತ ಬರೆದ ಕೂಡಲೇ ಯಾರ ಮೇಲೂ ಹೊಣೆ ಉಳಿಯುವುದಿಲ್ಲ. ನಿಂತಿದ್ದ ಲಾರಿಗೆ ಕಾರು ಗುದ್ದಿತು ಅಂದರೆ ಲಾರಿ ಅಲ್ಲಿ ಯಾಕೆ ನಿಂತಿತ್ತು? ಹಿಂದಿನ ದೀಪ ಉರಿಯುತ್ತಿತ್ತಾ? ಅದೇ ಜಾಗದಲ್ಲಿ ಹಿಂದೆಯೂ ಜನ ಸತ್ತಿದ್ದಾರಾ? 'ಚಾಲಕನ ನಿಯಂತ್ರಣ ತಪ್ಪಿ' ಅನ್ನುವುದು ಪೊಲೀಸರ ಮೊದಲ ವರದಿಯ ಮಾತು. ಎಫ್‌ಐಆರ್ ತನಿಖೆಯ ಆರಂಭ, ಕೊನೆ ಅಲ್ಲ. ಮರುದಿನದ ಸುದ್ದಿ ಬಂತಾ ಅಂತಲೂ ನೋಡಿ. ಬರುವುದೇ ಅಪರೂಪ.

ಆತ್ಮಹತ್ಯೆಯ ಸುದ್ದಿಗೆ ಇನ್ನೂ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳನ್ನು ಆಧರಿಸಿ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಒಪ್ಪಿಕೊಂಡಿದೆ. ವಿಧಾನವನ್ನು ವಿವರಿಸಬಾರದು, ಎದ್ದುಕಾಣುವಂತೆ ಹಾಕಬಾರದು, ರೋಚಕ ಶೀರ್ಷಿಕೆ ಕೊಡಬಾರದು. ಆದರೂ 'ಸಾಲಬಾಧೆ ತಾಳದೆ' ಎಂಬ ಎರಡು ಪದದಲ್ಲಿ ಒಂದು ಬದುಕನ್ನು ಮುಗಿಸಿಬಿಡುತ್ತಾರೆ. ಸಾಲ ಯಾರದ್ದು? ಕೊಳವೆಬಾವಿ ಬತ್ತಿತ್ತಾ, ಬೆಲೆ ಕುಸಿದಿತ್ತಾ? ಇದನ್ನು ಹೇಳಿದವರು ಯಾರು? ರೈತನ ಕುಟುಂಬಕ್ಕೆ ಪರಿಹಾರ ಸಿಗಬೇಕೋ ಬೇಡವೋ ಅನ್ನುವುದನ್ನು ಉಪವಿಭಾಗಾಧಿಕಾರಿ ನೇತೃತ್ವದ ಸಮಿತಿ ಕಾರಣ ನೋಡಿಯೇ ತೀರ್ಮಾನಿಸುತ್ತದೆ. ಅಂಥ ಕಾರಣವನ್ನು ವರದಿಗಾರರು ಊಹೆಯಿಂದ ಬರೆಯಬಾರದು. ಸುದ್ದಿಯ ಕೊನೆಗೆ ಮಾನಸಿಕ ಆರೋಗ್ಯದ ಟೆಲಿಮನಸ್ ಸಹಾಯವಾಣಿ 14416 ಕೊಟ್ಟಿದ್ದಾರಾ ಅಂತ ನೋಡಿ.

ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಏನು ಗಮನಿಸಬೇಕು?

ಹೆಸರು ಹಾಕಿಲ್ಲ ಅಂದ ಮಾತ್ರಕ್ಕೆ ಗುರುತು ಮುಚ್ಚಿದಂತೆ ಅಲ್ಲ. ಊರು, ಶಾಲೆ, ತಂದೆಯ ಕೆಲಸ ಬರೆದರೆ ಆ ಹಳ್ಳಿಯವರಿಗೆಲ್ಲ ಗೊತ್ತಾಗುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬ, ಶಾಲೆ, ನೆರೆಹೊರೆ ಯಾವುದನ್ನೂ ಬಹಿರಂಗ ಮಾಡಬಾರದು ಅನ್ನುತ್ತದೆ. ಅತ್ಯಾಚಾರದ ಸಂತ್ರಸ್ತೆಯ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಆರೋಪ ಹೊತ್ತವರನ್ನು ತೀರ್ಪಿಗೆ ಮೊದಲೇ ಅಪರಾಧಿ ಅನ್ನುವುದೂ ತಪ್ಪು. ಇಂಥ ಸುದ್ದಿಯನ್ನು ವಿಮರ್ಶಿಸುವಾಗ ನಿಮ್ಮ ಬರಹದಲ್ಲೂ ಗುರುತು ಸಿಗುವ ಸಾಲನ್ನು ಮತ್ತೆ ಎತ್ತಿ ಬರೆಯಬೇಡಿ.

ಜನರ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸುವುದು ತಪ್ಪಾ?

ಜಗಳೂರಿನ ರೈತರೊಬ್ಬರು 'ನೀರು ಬಿಟ್ಟಾರಂತ್ರಿ, ನಮ್ಮ ಹೊಲಕ್ಕ ಒಂದ್ ಹನಿ ಬಂದಿಲ್ಲ ನೋಡ್ರಿ' ಅಂದರು ಅಂದುಕೊಳ್ಳಿ. ಮರುದಿನ ಪತ್ರಿಕೆಯಲ್ಲಿ 'ನೀರು ಬಿಡುಗಡೆಯಾಗಿದ್ದರೂ ಜಮೀನಿಗೆ ತಲುಪಿರುವುದಿಲ್ಲ ಎಂದು ಅಳಲು ತೋಡಿಕೊಂಡರು' ಅಂತ ಬರುತ್ತದೆ. ಅರ್ಥ ಅದೇ, ಆದರೆ ಮನುಷ್ಯ ಕಾಣೆಯಾದ. ಉದ್ಧರಣ ಚಿಹ್ನೆಯೊಳಗೆ ಹಾಕಿದ್ದು ಆಡಿದ ಮಾತಿಗೆ ಹತ್ತಿರ ಇರಬೇಕು. ಆದರೆ ಇನ್ನೊಂದು ಅತಿರೇಕವೂ ಇದೆ. ಹಳ್ಳಿಯವರ ಮಾತನ್ನು ಮಾತ್ರ ಆಡುನುಡಿಯಲ್ಲಿ ಬರೆದು, ಅಧಿಕಾರಿಯ ಮಾತನ್ನು ತಿದ್ದಿ ತೀಡಿ ಹಾಕುವುದು. ಇಬ್ಬರಿಗೂ ಒಂದೇ ನಿಯಮ ಇರಲಿ.

ಇಲ್ಲಿನ ವರದಿಗಾರರನ್ನು ಟೀಕಿಸಿದರೆ ನಾಳೆ ಅವರ ಹತ್ತಿರವೇ ಇಂಟರ್ನ್‌ಶಿಪ್‌ಗೆ ಹೋಗಬೇಕಲ್ಲ?

ಭಯ ಸಹಜ. ವ್ಯಕ್ತಿಯ ಬಗ್ಗೆ ಬರೆಯಬೇಡಿ, ವಾಕ್ಯದ ಬಗ್ಗೆ ಬರೆಯಿರಿ. 'ವರದಿಗಾರರು ಸೋಮಾರಿ' ಅನ್ನಲು ನಿಮ್ಮ ಹತ್ತಿರ ಆಧಾರ ಇಲ್ಲ. 'ಮೂರನೇ ವಾಕ್ಯಕ್ಕೆ ಮೂಲ ಕೊಟ್ಟಿಲ್ಲ' ಅನ್ನಲು ಇದೆ.

ಅವರ ಪರಿಸ್ಥಿತಿಯೂ ತಿಳಿದಿರಲಿ. ತಾಲ್ಲೂಕು ಮಟ್ಟದಲ್ಲಿ ಬರೆಯುವ ಹಲವರಿಗೆ ಸಿಗುವ ಸಂಭಾವನೆ ತೀರಾ ಕಡಿಮೆ. ಕೆಲವರು ಜಾಹೀರಾತನ್ನೂ ತರಬೇಕು. ಒಂದೇ ದಿನ ಸಭೆ, ಅಪಘಾತ, ಜಾತ್ರೆ ಎಲ್ಲಕ್ಕೂ ಓಡಬೇಕು. ಜಾಹೀರಾತು ಕೊಟ್ಟವರ ಬಗ್ಗೆಯೇ ಸುದ್ದಿ ಬರೆಯಬೇಕಾದ ಇಕ್ಕಟ್ಟು ಸಣ್ಣದಲ್ಲ. ಇದು ತಪ್ಪಿಗೆ ಕ್ಷಮೆ ಅಲ್ಲ, ತಪ್ಪು ಎಲ್ಲಿಂದ ಬಂತು ಅನ್ನುವುದಕ್ಕೆ ವಿವರಣೆ. ಸಾಧ್ಯವಾದರೆ ಬರೆದವರನ್ನೇ ಭೇಟಿಯಾಗಿ ಕೇಳಿ. ಗೌರವದಿಂದ ಕೇಳಿದರೆ ಹೆಚ್ಚಿನವರು ಹೇಳುತ್ತಾರೆ. 'ನಾನು ಬರೆದಿದ್ದೆ, ಜಾಗ ಇಲ್ಲ ಅಂತ ಕತ್ತರಿಸಿದರು' ಅನ್ನುವ ಉತ್ತರ ತುಂಬಾ ಸಲ ಸಿಗುತ್ತದೆ.

ಎಐಗೆ ಕೊಟ್ಟು ವಿಮರ್ಶೆ ಬರೆಸಬಹುದಾ?

ಬೇಡ. ಮಲೇಬೆನ್ನೂರಿನ ನಾಲೆಯಲ್ಲಿ ಸೋಮವಾರ ನೀರು ಇತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹೋಗಿ ನೋಡಬೇಕಾದವರು ನೀವು.

ವಿಮರ್ಶೆ ಎಷ್ಟು ಉದ್ದ ಇರಬೇಕು, ಹೇಗೆ ಬರೆಯಬೇಕು?

ಒಂದು ಪುಟ ಸಾಕು. ಸುದ್ದಿಯ ಕತ್ತರಿಕೆ ಅಂಟಿಸಿ, ದಿನಾಂಕ ಮತ್ತು ಪುಟಸಂಖ್ಯೆ ಬರೆಯಿರಿ. ಸುದ್ದಿಯ ಸಾರಾಂಶ ಎರಡು ಸಾಲು ಮೀರದಿರಲಿ, ಮೇಷ್ಟ್ರು ಅದನ್ನು ಆಗಲೇ ಓದಿರುತ್ತಾರೆ. ಆಮೇಲೆ ನಿಮಗೆ ಮುಖ್ಯ ಅನ್ನಿಸಿದ ಒಂದೆರಡು ವಿಷಯ ಮಾತ್ರ ಹಿಡಿಯಿರಿ, ಸಾಲನ್ನು ಉದ್ಧರಿಸಿ ತೋರಿಸಿ. ಕೊನೆಗೆ ಆ ಸುದ್ದಿಯ ಮೊದಲ ಪ್ಯಾರಾವನ್ನು ನೀವೇ ತಿದ್ದಿ ಬರೆಯಿರಿ. ತಿದ್ದಲು ಮಾಹಿತಿ ಸಾಲದು ಅನ್ನಿಸಿದರೆ ಯಾರನ್ನು ಏನು ಕೇಳುತ್ತಿದ್ದಿರಿ ಅಂತ ಪಟ್ಟಿ ಕೊಡಿ. ನನ್ನ ಮಟ್ಟಿಗೆ ಆ ಪಟ್ಟಿಗೇ ಅಂಕ ಜಾಸ್ತಿ.

ಗಂಭೀರ ತಪ್ಪು ಸಿಕ್ಕರೆ ಎಲ್ಲಿ ಹೇಳಬೇಕು?

ಮೊದಲು ಸಂಪಾದಕರಿಗೆ ಪತ್ರ ಬರೆಯಿರಿ. ತಪ್ಪು ಯಾವುದು, ಸರಿ ಯಾವುದು, ಆಧಾರ ಏನು, ಇಷ್ಟೇ ಇರಲಿ. ತಿದ್ದುಪಡಿ ಬರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ಸುದ್ದಿಯ ಕತ್ತರಿಕೆ, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೊತೆಗಿರಲಿ. ಮಂಡಳಿ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಟಿವಿ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಪತ್ರಿಕೆಯ ಸಂಪಾದಕರು, ಮುದ್ರಕರು, ಪ್ರಕಾಶಕರ ಹೆಸರು ಮತ್ತು ವಿಳಾಸವನ್ನು ಪ್ರತಿ ಸಂಚಿಕೆಯಲ್ಲೂ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ಸಾಮಾನ್ಯವಾಗಿ ಒಂದು ಪುಟದ ಅಡಿಯಲ್ಲಿ. ಪತ್ರವನ್ನು ಆ ವಿಳಾಸಕ್ಕೇ ಕಳಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.